ಬೈಸಿಕಲ್ಲಿಗೂ ವಿಮಾನಯಾನವೇ?

ಹ್ಯಾಂಡ್‌ಪೋಸ್ಟ್ ಎಂದರೆ ಕನ್ನಡದ ಕೈಮರ. ಕವಲುದಾರಿಯಲ್ಲಿ ನಿಂತು ದಿಕ್ಕು ತೋರುವಂಥದು. ಹೆಗ್ಗಡದೇವನಕೋಟೆಯ ಬಳಿ ಆ ಹೆಸರಿನ ಊರೇ ಇದೆ. ಅಂಥ ಊರಿನಿಂದ ಮಗ ಓದಲು ಕಡಲಾಚೆಗೆ ಹೊರಟನೆನ್ನಿ. ಮನೆಯ ವಿದ್ಯುತ್ ಬೈಸಿಕಲ್ಲನ್ನೂ ವಿಮಾನದಲ್ಲಿ ಒಯ್ಯಲೇ, ಅಲ್ಲಿಯೇ ಕೊಳ್ಳಲೇ? ಇದೂ ಒಂದು ಕವಲುದಾರಿಯೇ.

ತೊಡಕಿರುವುದು ಚಕ್ರದಲ್ಲಲ್ಲ, ಬ್ಯಾಟರಿಯಲ್ಲಿ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವಾಟ್-ಗಂಟೆ ದೊರೆಯುತ್ತದೆ. 36 ವೋಲ್ಟು, 10 ಆಂಪಿಯರ್-ಗಂಟೆಯದಾದರೆ 360 ಆಯಿತು. ಪ್ರಯಾಣಿಕರು ಒಯ್ಯುವ ಇಂಥ ಲಿಥಿಯಂ ಬ್ಯಾಟರಿಗೆ ಮಿತಿ 100; ವಿಮಾನ ಸಂಸ್ಥೆ ಒಪ್ಪಿದರೆ 160. ಅದಕ್ಕೆ ಮೀರಿದರೆ ಕೈಚೀಲದಲ್ಲೂ ಎಡೆಯಿಲ್ಲ, ಪೆಟ್ಟಿಗೆಯಲ್ಲೂ ಎಡೆಯಿಲ್ಲ. ಕೆಟ್ಟ ಲಿಥಿಯಂ ಕೋಶ ತಾನೂ ಕಾದು ಪಕ್ಕದ ಕೋಶಕ್ಕೂ ಉರಿ ಹತ್ತಿಸುತ್ತದೆ. ಹಾರುವ ವಿಮಾನದಲ್ಲಿ ಅದನ್ನು ಆರಿಸುವುದು ಸುಲಭವಲ್ಲ.

ಬ್ಯಾಟರಿ ಬಿಟ್ಟು ಗಾಡಿಯನ್ನಷ್ಟೇ ಒಯ್ದರೆ? ಹೊಂದುವ ಬ್ಯಾಟರಿ ಅಲ್ಲಿ ಸಿಗದಿದ್ದರೆ ತುಳಿಯಲು ಭಾರವಾದ ಬೈಸಿಕಲ್ಲು ಉಳಿಯುತ್ತದೆ. ಸಾಗಣೆಯ ಶುಲ್ಕವೂ ಸೇರಿದರೆ ಮೂಗಿಗಿಂತ ಮೂಗುತಿ ಭಾರ.

ಕಾಯಿದೆಯ ಮಾತೂ ಇದೆ. ಯೂರೋಪಿನ ಒಕ್ಕೂಟದಲ್ಲಿ ಮೋಟಾರು 250 ವಾಟ್ ಮೀರದೆ, ತುಳಿದಾಗ ಮಾತ್ರ ನೆರವಾಗಿ, ಗಂಟೆಗೆ 25 ಕಿಲೋಮೀಟರಿಗೆ ನೆರವು ನಿಲ್ಲಿಸಿದರೆ ಅದು ಬೈಸಿಕಲ್ಲು. ಹಿಡಿ ತಿರುವಿದರೆ ತುಳಿಯದೆಯೇ ಓಡುವ ನಮ್ಮ ಗಾಡಿಗೆ ಅಲ್ಲಿ ಬೇರೆ ನಿಯಮ ತಗುಲೀತು. ಅಲ್ಲಿಯೇ ಕೊಂಡರೆ ಕಾಯಿದೆಗೂ ಒಪ್ಪುತ್ತದೆ, ದುರಸ್ತಿಗೆ ಅಂಗಡಿಯೂ ಇರುತ್ತದೆ.

ಆದುದರಿಂದ ಗಂಟು ಕಟ್ಟುವ ಮೊದಲು ಬ್ಯಾಟರಿಯ ಮೇಲಿನ ಬರಹವನ್ನು ಓದಿರಿ. ಮಗ ಹೋಗಿಬರಲಿ, ಬೈಸಿಕಲ್ಲು ಮನೆಯಲ್ಲಿದ್ದರೆ ತಂಗಿ ಕಾಲೇಜಿಗೆ ಹೋಗಲು ಆದೀತು.