ಬೆಂಕಿಯ ಕಾವಲಿನಲ್ಲಿ ಕಳೆದ ಬಾಳು

(ಶತಮಾನೋತ್ಸವದ ಸನ್ಮಾನ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಹಿರಿಯರನೇಕರನ್ನು ಸ್ಮರಿಸಿದ್ದೇವೆ. ಈಗ ಈ ವೇದಿಕೆಯ ಮೇಲೆ ಸಂಕೋಚದಿಂದ ಕುಳಿತಿರುವ ಸಹೋದರರು ಮೂರು ದಶಕಗಳಿಗೂ ಮಿಗಿಲಾಗಿ ಅಗ್ನಿಶಾಮಕ ದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದಾರೆ. ಸ್ಮರಣ ಸಂಚಿಕೆಯಲ್ಲಿ ತಮ್ಮ ಹೆಸರು ಬೇಡವೆಂದು ಅವರು ಕೇಳಿಕೊಂಡಿರುವುದರಿಂದ ಇಲ್ಲಿಯೂ ಅದನ್ನು ಎತ್ತುವುದಿಲ್ಲ. ನಿಮಗೆಲ್ಲ ಅದು ಗೊತ್ತೇ ಇದೆ.

ಬೆಂಕಿಗೆ ನೀರು ಸುರಿದರಾಯಿತೆಂದು ನಾವು ಬಹುಕಾಲ ಭಾವಿಸಿದ್ದೆವು. ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸಿದರೇ ಹೊರತು ಇದನ್ನಲ್ಲ. ನಿಪ್ಪಾಣಿಯ ತಂಬಾಕಿನ ಗೋದಾಮಿಗೆ ಬೆಂಕಿ ತಗಲಿದರೆ ಅದು ಚೀಲಗಳ ಒಳಗೊಳಗೇ ಕನಲುತ್ತಿರುತ್ತದೆ. ಮೇಲಿನ ಜ್ವಾಲೆ ಅಡಗಿದರೂ ಒಂದೊಂದು ಚೀಲವನ್ನು ಹೊರಗೆಳೆದು ಬಿಚ್ಚಿ ನೋಡದೆ ಕೆಲಸ ಮುಗಿಯದು. ಆ ಹೊಗೆಗೆ ತಲೆ ಸುತ್ತುತ್ತದೆ. ಉಳಿದ ಮಾಲಿಗೆ ನೀರು ತಾಗಿಸಬೇಡಿರೆಂದು ಬೇಡುವ ಮಾಲಿಕನೂ ಪಕ್ಕದಲ್ಲೇ ಇರುತ್ತಾನೆ. ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿಗಳ ಕಬ್ಬಿನ ಕಥೆಯೇ ಬೇರೆ. ಒಣಗಿದ ರವದಿಗೆ ವಿದ್ಯುತ್ ತಂತಿಯ ಒಂದು ಕಿಡಿ ಸಾಕು. ವಾಹನ ಹೊಲದೊಳಗೆ ಹೋಗಲಾರದು. ಗಾಳಿಯ ದಿಕ್ಕು ನೋಡಿ, ಮುಂದಿನ ಕಬ್ಬನ್ನು ಕಡಿದು ಬಯಲು ಮಾಡಿ, ಹಸಿ ಟೊಂಗೆಗಳಿಂದ ಬಡಿಯಬೇಕು. ಸುಟ್ಟ ಕಬ್ಬನ್ನು ಬೇಗನೆ ಅರೆಯದಿದ್ದರೆ ತೂಕವೂ ಸಕ್ಕರೆಯೂ ಇಳಿಯುತ್ತವೆಂಬುದನ್ನು ನಮ್ಮ ರೈತರಿಗೆ ನಾವು ಹೇಳಬೇಕಾಗಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಮ್ಮೆಗೇ ಉಕ್ಕಿದಾಗ ಬೆಂಕಿ ಆರಿಸುವವರೇ ದೋಣಿ ಹತ್ತಿದರು. ಎಮ್ಮೆಯ ಹಗ್ಗ ಬಿಡಲೊಲ್ಲದ ಮುದುಕರನ್ನು ದೋಣಿಗೆ ಏರಿಸುವುದು ಬೆಂಕಿಗಿಂತ ಕಷ್ಟವೆಂದು ಇವರು ನಗುತ್ತ ಹೇಳಿದ್ದುಂಟು.

ಪ್ರತಿ ವರ್ಷ ಏಪ್ರಿಲ್ 14ರಂದು ಇವರು ಒಂದು ಬಲಿಪೂಜೆ ಹೇಳಿಸುತ್ತಾರೆ. 1944ರ ಆ ದಿನ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ, ಹತ್ತಿಯನ್ನೂ ಸ್ಫೋಟಕಗಳನ್ನೂ ಒಟ್ಟಿಗೇ ಹೇರಿಕೊಂಡಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿದು 66 ಮಂದಿ ಅಗ್ನಿಶಾಮಕರು ಮಡಿದರು. ಅವರಲ್ಲಿ ಯಾರು ಯಾವ ಮತದವರೆಂದು ಇವರು ಎಂದೂ ವಿಚಾರಿಸಿದವರಲ್ಲ.

ಈಗ ನಮ್ಮದೊಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ. ಈ ಧರ್ಮಕೇಂದ್ರಕ್ಕೆ ನಾವು ಬಂದ ಮೊದಲ ವರ್ಷದ ಪಾಸ್ಖ ಜಾಗರಣೆ. ಹೊಸ ಬೆಂಕಿಯನ್ನು ಆಶೀರ್ವದಿಸಿ ಒಳಗೆ ಬಂದಾಗ ಇವರ ಪತ್ನಿಯ ಪಕ್ಕದ ಸ್ಥಳ ಬರಿದಾಗಿತ್ತು. ಕ್ರಿಸ್ತಜಯಂತಿಯ ರಾತ್ರಿಯೂ ಬರಿದಾಗಿಯೇ ಇತ್ತು. ವರ್ಷಕ್ಕೊಂದು ರಾತ್ರಿಯನ್ನೂ ದೇವರಿಗೆ ಕೊಡಲಾರದವರ ವಿಷಯವಾಗಿ ನಾವು ಪ್ರಬೋಧನೆಯಲ್ಲಿ ಕಟುವಾಗಿ ಮಾತಾಡಿದೆವು. ಹೆಸರೆತ್ತಲಿಲ್ಲ, ನಮ್ಮ ದೃಷ್ಟಿ ಎಲ್ಲಿತ್ತೆಂಬುದು ಎಲ್ಲರಿಗೂ ತಿಳಿಯಿತು. ಆ ತಾಯಿ ಸೆರಗನ್ನು ಮುಂದಕ್ಕೆಳೆದುಕೊಂಡರು. ಮರುದಿನ ಬೆಳಗಿನ ಪೂಜೆಗೆ ಇವರು ಬಂದು ಹಿಂದಿನ ಕಂಬದ ಬಳಿ ನಿಂತರು. ಹುಬ್ಬು ಸುಟ್ಟಿತ್ತು; ಮೈಯಿಂದ ತಂಬಾಕಿನ ಹೊಗೆಯ ವಾಸನೆ. ಪರಮಪ್ರಸಾದ ಕೊಡುವಾಗ ಅಂಗೈಯ ಬೊಬ್ಬೆಗಳನ್ನು ಕಂಡೆವು. ಉಳಿದದ್ದನ್ನು ಉಪದೇಶಿಗಳು ತಿಳಿಸಿದರು.

ಇವರು ಇಂದಿನವರೆಗೆ ಆ ಮಾತೆತ್ತಿಲ್ಲ. ನಾವೂ ಎತ್ತಲಿಲ್ಲ, ಅದು ಎರಡನೆಯ ತಪ್ಪು. ಸಭೆಯ ಮುಂದೆ ಆಡಿದ ಮಾತನ್ನು ಸಭೆಯ ಮುಂದೆಯೇ ಹಿಂತೆಗೆದುಕೊಳ್ಳಬೇಕಿತ್ತು. ತಡವಾಗಿ ಇಂದು ಹಿಂತೆಗೆದುಕೊಳ್ಳುತ್ತೇವೆ. ಮೊದಲು ಆ ತಾಯಿಯ ಕ್ಷಮೆಯನ್ನು ಕೇಳುತ್ತೇವೆ. ಆ ರಾತ್ರಿ ಗಂಡನ ಚಿಂತೆಯ ಜೊತೆಗೆ ನಮ್ಮ ಮಾತನ್ನೂ ಹೊತ್ತು ಮನೆಗೆ ಹೋದವರು ಅವರು.

ಅಂದಿನಿಂದ ಗೋದಲಿಯ ಹುಲ್ಲಿನ ಬಳಿ ಮೋಂಬತ್ತಿ ಇಟ್ಟರೆ ಇವರು ಸದ್ದಿಲ್ಲದೆ ಬಂದು ಸರಿಸುವುದನ್ನು ನಾವು ತಡೆದಿಲ್ಲ. ಬರುವ ಪಾಸ್ಖ ಜಾಗರಣೆಗೆ ಹೊಸ ಬೆಂಕಿಯನ್ನು ಇವರೇ ಹೊತ್ತಿಸಬೇಕೆಂದು ಕೇಳಿಕೊಂಡಿದ್ದೇವೆ. ಒಪ್ಪಿದ್ದಾರೆ. ಪಕ್ಕದಲ್ಲಿ ಎರಡು ಬಕೆಟ್ ಮರಳು ಇರಬೇಕಂತೆ.