ಡಬ್ಬದ ಮೇಲಿನ ಮಾತು, ಅದರ ಹಿಂದಿನ ಪ್ರಮಾಣ



ಶಿಶುಗಳಿಗಾಗಿ ಮಾರುವ ಪುಡಿಹಾಲಿನ ವಿಷಯದಲ್ಲಿ ನಾವು ಎರಡು ಬಗೆಯ ಮಾತುಗಳನ್ನು ಕಾಣುತ್ತೇವೆ. ಹಾಲಿನಲ್ಲಿ ಏನೇನು ಸೇರಿದೆಯೆಂಬುದು ಒಂದು. ಅದರಿಂದ ಮಗುವಿನ ಬುದ್ಧಿ ಬೆಳೆಯುವುದೆಂಬುದು ಮತ್ತೊಂದು. ಮೊದಲನೆಯದನ್ನು ಅಳೆದು ನೋಡಬಹುದು. ಎರಡನೆಯದಕ್ಕೆ ಪ್ರಮಾಣವೇನು? ಈ ದಿವಸ ನಾವು ವಿಚಾರಿಸತಕ್ಕದ್ದು ಇದನ್ನೇ.

ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು 2023ರಲ್ಲಿ ಭಾರತವೂ ಸೇರಿದಂತೆ 15 ದೇಶಗಳ ಒಂದು ಸಮೀಕ್ಷೆಯನ್ನು ಪ್ರಕಟಿಸಿತು. ವಿಶೇಷಗುಣವನ್ನು ಸಾರಿಕೊಂಡ ಹಾಲುಗಳು 608 ದೊರೆತುವು. ಅವುಗಳಲ್ಲಿ 323 ಹಾಲುಗಳು ಮಿದುಳು, ಕಣ್ಣು ಅಥವಾ ನರಗಳ ಬೆಳವಣಿಗೆಗೆ ನೆರವಾಗುವುವೆಂದು ಹೇಳಿಕೊಂಡಿದ್ದುವು. ಆದರೆ ಒಟ್ಟಿನಲ್ಲಿ ಶಾಸ್ತ್ರೀಯವಾದ ಆಧಾರವನ್ನು ಸೂಚಿಸಿದುವು 161 ಮಾತ್ರ.

ತಾಯಿಯ ಹಾಲಿನಲ್ಲಿ ಕೆಲವು ಬಗೆಯ ಕೊಬ್ಬುಗಳಿವೆ. ಅವು ಮಿದುಳಿನಲ್ಲಿಯೂ ಇವೆ. ಆದುದರಿಂದ ಪುಡಿಗೆ ಅವನ್ನು ಬೆರೆಸಿದರೆ ಮಗು ಜಾಣನಾಗುವನು ಎಂಬುದು ಒಂದು ವಾದ. ಕೇಳುವುದಕ್ಕೆ ಸೊಗಸಾಗಿದೆ; ಆದರೆ ಊಹೆಯೇ ಸಿದ್ಧಾಂತವಲ್ಲ. ಇಂಗ್ಲೆಂಡಿನಲ್ಲಿ 1993ರಿಂದ 2001ರ ವರೆಗೆ ನಡೆದ ಏಳು ಪ್ರಯೋಗಗಳಲ್ಲಿ ಯಾವ ಶಿಶುವಿಗೆ ಸಾಧಾರಣ ಹಾಲು, ಯಾವುದಕ್ಕೆ ಮಾರ್ಪಡಿಸಿದ ಹಾಲು ಎಂಬುದನ್ನು ಚೀಟಿ ಎತ್ತಿದಂತೆ ಗೊತ್ತುಮಾಡಿದ್ದರು. ಅಲ್ಲಿನ 1,763 ಮಕ್ಕಳಲ್ಲಿ ಬಹುಪಾಲಿನವರ ಶಾಲಾಪರೀಕ್ಷೆಗಳ ಫಲವನ್ನು ಬಹುಕಾಲದ ಮೇಲೆ ಹೋಲಿಸಿ 2021ರಲ್ಲಿ ಪ್ರಕಟಿಸಿದರು. 16ನೆಯ ವಯಸ್ಸಿನ ಗಣಿತಪರೀಕ್ಷೆಯಲ್ಲಿ ಮಾರ್ಪಡಿಸಿದ ಹಾಲು ಕುಡಿದವರಿಗೆ ಯಾವ ಮೇಲುಗೈಯೂ ಕಂಡುಬರಲಿಲ್ಲ. ಆ ಕೊಬ್ಬು ಬೆರೆಸಿದ ಹಾಲು ಕುಡಿದವರಿಗೆ 11ನೆಯ ವಯಸ್ಸಿನಲ್ಲಿ ಅಂಕಗಳು ತುಸು ಕಡಮೆಯೇ ಆಗಿದ್ದುವು.

ಆದಕಾರಣ ನಾವು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಯಾರೊಡನೆ ಯಾರನ್ನು ಹೋಲಿಸಿದರು? ಎಷ್ಟು ಕಾಲ ಕಾದು ನೋಡಿದರು? ಆ ಪ್ರಯೋಗಕ್ಕೆ ಹಣ ಕೊಟ್ಟವರು ಯಾರು?

ಪ್ರಪಂಚದ ಆರೋಗ್ಯಸಂಸ್ಥೆಯು 1981ರಲ್ಲಿಯೇ ಇಂಥ ಪ್ರಚಾರಕ್ಕೆ ಕಟ್ಟಳೆಗಳನ್ನು ವಿಧಿಸಿತು. ನಮ್ಮ ದೇಶದಲ್ಲಿ 1992ರ ಶಾಸನವು ಶಿಶುಗಳ ಪುಡಿಹಾಲಿನ ಜಾಹೀರಾತನ್ನೇ ನಿಷೇಧಿಸಿದೆ.

ಪುಡಿಹಾಲೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ತಾಯಿಯ ಹಾಲು ಸಾಲದಿರುವ, ಅಥವಾ ತಾಯಿಯೇ ಇಲ್ಲದ ಶಿಶುವಿಗೆ ಅದು ಪ್ರಾಣಾಧಾರ. ಅದನ್ನು ಕೊಡುವ ತಾಯಿ ನಾಚಬೇಕಾದುದೂ ಇಲ್ಲ. ಆದರೆ ಮಗುವಿನ ಮೇಲಣ ಪ್ರೀತಿಯಿಂದ, ಎಲ್ಲಿ ಕೊರತೆಯಾದೀತೋ ಎಂಬ ಅಂಜಿಕೆಯಿಂದ, ಬಡ ಸಂಸಾರವೊಂದು ಸಾಲಮಾಡಿ ಹೆಚ್ಚು ಬೆಲೆಯ ಡಬ್ಬವನ್ನು ಕೊಳ್ಳುವುದಾದರೆ, ಆ ಹೆಚ್ಚಿನ ಹಣವು ಹಾಲಿಗೆ ಸಲ್ಲುವುದೋ, ಬರಿಯ ಮಾತಿಗೆ ಸಲ್ಲುವುದೋ ಎಂಬುದನ್ನು ತಿಳಿದವರು ಆಲೋಚಿಸಿ ಹೇಳಬೇಕು.