ಕೋಳಿಗೂಡಿಗೊಂದು ಆಹಾರದ ಡಬ್ಬ



ನಿಮ್ಮ ಹಿತ್ತಲಿನಲ್ಲಿ ಹತ್ತು ಕೋಳಿಗಳಿವೆ ಎಂದಿಟ್ಟುಕೊಳ್ಳಿ. ನಾಟಿ ಕೋಳಿಯೋ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಗಿರಿರಾಜವೋ, ಯಾವುದಾದರೂ ಸರಿ. ಬೆಳಿಗ್ಗೆ ತಟ್ಟೆಯಲ್ಲಿ ಆಹಾರ ಹಾಕಿ ಶಾಲೆಗೆ ಹೊರಡುತ್ತೀರಿ. ಸಂಜೆ ಬಂದು ನೋಡಿದರೆ ತಟ್ಟೆ ಮಗುಚಿದೆ, ಅರ್ಧ ಆಹಾರ ಮಣ್ಣಿನಲ್ಲಿದೆ, ಅದರ ಮೇಲೆ ಹಿಕ್ಕೆ. ಕೋಳಿ ಸಾಕುವ ಖರ್ಚಿನಲ್ಲಿ ಸುಮಾರು ಮೂರನೆಯ ಎರಡು ಪಾಲು ಆಹಾರದ್ದೇ. ಹಾಗಾಗಿ ಚೆಲ್ಲಿಹೋದದ್ದು ದುಡ್ಡು.

ಕೋಳಿ ಆಹಾರವನ್ನು ಹೇಗೆ ಚೆಲ್ಲುತ್ತದೆ ಎಂಬುದನ್ನು ನಾನು ಸರಿಯಾಗಿ ಕಂಡದ್ದು ಎಡಿಟಿಂಗ್ ಕೋಣೆಯಲ್ಲಿ. ಚಿತ್ರವನ್ನು ನಿಧಾನಗತಿಯಲ್ಲಿ ಓಡಿಸಿದಾಗ, ಹೇಂಟೆ ಬರೀ ಕುಕ್ಕುವುದಿಲ್ಲ, ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ ಎಂದು ತಿಳಿಯಿತು. ಜೋಳದ ದಪ್ಪ ನುಚ್ಚನ್ನು ಹುಡುಕುತ್ತಾ ಅದು ಪುಡಿಯನ್ನು ಆಚೆ ಎಸೆಯುತ್ತದೆ. ತಟ್ಟೆ ತುಂಬಿದ್ದಷ್ಟೂ ಎಸೆತ ಜಾಸ್ತಿ. ಆದ್ದರಿಂದ ನಮಗೆ ಬೇಕಾದದ್ದು, ತಟ್ಟೆಯಲ್ಲಿ ಸದಾ ಸ್ವಲ್ಪವೇ ಆಹಾರವಿದ್ದು, ತಿಂದಷ್ಟು ಮಾತ್ರ ಮೇಲಿನಿಂದ ಇಳಿಯುವ ಒಂದು ವ್ಯವಸ್ಥೆ.

ಇದಕ್ಕೆ ಮೋಟಾರು ಬೇಡ, ಸ್ಪ್ರಿಂಗ್ ಬೇಡ. ರಾಗಿಯನ್ನು ನೆಲಕ್ಕೆ ಸುರಿದು ನೋಡಿ. ರಾಶಿಯ ಇಳಿಜಾರು ಒಂದು ನಿರ್ದಿಷ್ಟ ಕೋನಕ್ಕೆ ಬಂದು ನಿಲ್ಲುತ್ತದೆ. ಕಾಳುಗಳ ನಡುವಿನ ಘರ್ಷಣೆಯೇ ಅದನ್ನು ತಡೆದು ನಿಲ್ಲಿಸುತ್ತದೆ. ಬಕೆಟ್ಟಿನ ತಳದ ರಂಧ್ರದಿಂದ ಹೊರಬಂದ ಆಹಾರವೂ ಹೀಗೆಯೇ ರಾಶಿಯಾಗಿ ರಂಧ್ರವನ್ನು ತಾನೇ ಮುಚ್ಚುತ್ತದೆ. ಕೋಳಿ ರಾಶಿಯನ್ನು ತಿಂದು ಕರಗಿಸಿದಾಗ ಇನ್ನಷ್ಟು ಇಳಿಯುತ್ತದೆ.

ಇಷ್ಟು ತಿಳಿದೂ ನಾನು ತಪ್ಪು ಮಾಡಿದೆ. ನನ್ನ ಮೊದಲ ಡಬ್ಬ ಎರಡು ಇಂಚಿನ ಪಿವಿಸಿ ಪೈಪಿನದು. ಮಳೆಗಾಲದಲ್ಲಿ ಅದನ್ನು ತುಂಬಿಸಿಟ್ಟು ಎರಡು ದಿನ ಊರಿಗೆ ಹೋದೆವು. ನೀರಿಡಲು ಬಂದ ಪಕ್ಕದ ಮನೆಯ ಹುಡುಗ ಪೈಪಿನೊಳಗೆ ಇಣುಕಿ, ತುಂಬಿದೆಯಲ್ಲ ಎಂದು ಸಮಾಧಾನಪಟ್ಟು ಹೋಗಿದ್ದಾನೆ. ನಾವು ಮರಳಿದಾಗಲೂ ಪೈಪು ತುಂಬಿಯೇ ಇತ್ತು. ಕೆಳಗಿನ ತಟ್ಟೆ ಮಾತ್ರ ತೊಳೆದಿಟ್ಟಂತಿತ್ತು. ಆರು ಹೇಂಟೆಗಳೂ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದವು. ಮುಂದೆ ಒಂದು ವಾರ ಮನೆಯಲ್ಲಿ ಮೊಟ್ಟೆಯಿಲ್ಲ. ಭೌತಶಾಸ್ತ್ರ ಓದಿದವನು ಎಂಬ ಮಾತನ್ನು ಆ ವಾರವೆಲ್ಲ ಮನೆಯವರು ಬೇರೆ ದನಿಯಲ್ಲಿ ಹೇಳಿದರು.

ಆದದ್ದೇನು? ತೇವ ಹಿಡಿದ ಪುಡಿ ಇಕ್ಕಟ್ಟಿನ ಪೈಪಿನಲ್ಲಿ ಕಲ್ಲುಸೇತುವೆಯ ಹಾಗೆ ಕಮಾನು ಕಟ್ಟಿಕೊಂಡಿತ್ತು. ಮೇಲಿನ ಭಾರಕ್ಕೆ ಅದು ಮುರಿಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ನೀರಾಗಿದ್ದರೆ ಆಳ ಹೆಚ್ಚಿದಂತೆ ತಳದ ಒತ್ತಡವೂ ಹೆಚ್ಚುತ್ತಿತ್ತು. ಕಾಳು, ಪುಡಿಗಳ ವಿಷಯ ಹಾಗಲ್ಲ. ಅವುಗಳ ಭಾರದ ಬಹುಪಾಲನ್ನು ಪಾತ್ರೆಯ ಗೋಡೆಗಳೇ ಹೊರುತ್ತವೆ. ಧಾನ್ಯದ ಕಣಜಗಳಲ್ಲಿ ನಡೆಯುವ ಇದನ್ನು ಜರ್ಮನಿಯ ಎಂಜಿನಿಯರ್ ಯಾನ್ಸೆನ್ 1895ರಲ್ಲೇ ಲೆಕ್ಕಹಾಕಿ ತೋರಿಸಿದ್ದ. ಹೀಗಾಗಿ ಪೈಪನ್ನು ಎಷ್ಟು ಉದ್ದ ಮಾಡಿದರೂ ಪ್ರಯೋಜನವಿಲ್ಲ, ಅಗಲ ಮಾಡಬೇಕು.

ಅಡುಗೆ ಎಣ್ಣೆ ಬರುವ, ಮುಚ್ಚಳವಿರುವ 15 ಲೀಟರಿನ ಪ್ಲಾಸ್ಟಿಕ್ ಬಕೆಟ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಬಣ್ಣದ ಬಕೆಟ್ ಬೇಡ. ತಳಕ್ಕೆ ತಾಗಿದಂತೆ ಗೋಡೆಯಲ್ಲಿ ಸುತ್ತಲೂ ಆರು ರಂಧ್ರ, ಒಂದೊಂದೂ 5 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಿರಿ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ. ಬಕೆಟ್ಟಿಗಿಂತ 12 ಸೆಂ.ಮೀ. ಹೆಚ್ಚು ಅಗಲದ, ಅಂಚು ಎತ್ತರವಿರುವ ಬೇಸಿನ್ನಿನ ನಡುವೆ ಅದನ್ನಿಟ್ಟು ಎರಡು ನಟ್ಟು ಬೋಲ್ಟಿನಿಂದ ಬಿಗಿಯಿರಿ. ನಡುಭಾಗದ ಆಹಾರ ಅಲ್ಲೇ ಉಳಿಯದಿರಲು ಪ್ಲಾಸ್ಟಿಕ್ ಹಾಳೆಯನ್ನು ಶಂಕುವಿನಂತೆ ಸುತ್ತಿ, ತುದಿ ಮೇಲಾಗುವಂತೆ ಒಳಗೆ ಕೂರಿಸಿ. ಇನ್ನು ತೂಗುಹಾಕುವುದು. ಬೇಸಿನ್ನಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ. ಕಾಲಿಟ್ಟು ಕೆದರಲು ಆಗ ಅದಕ್ಕೆ ಆಗುವುದಿಲ್ಲ. ಬೇಸಿನ್ನಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆಹಾರ ನಿಂತರೆ ರಂಧ್ರದ ಮೇಲ್ಭಾಗಕ್ಕೆ ಒಂದು ಪಟ್ಟಿ ಅಡ್ಡ ಕೊಟ್ಟು ಕಿರಿದು ಮಾಡಿ.

ಡಬ್ಬ ದೊಡ್ಡದಿದೆಯೆಂದು ಬಾಯಿವರೆಗೆ ತುಂಬಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲಿನಿಂದ ತಂದ ಕಡಲೆಕಾಯಿ ಹಿಂಡಿಯ ಬೂಷ್ಟಿನಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷ ಅದಕ್ಕೆ ಕಾರಣವೆಂದು ಆಮೇಲೆ ಗೊತ್ತಾಯಿತು. ಕಡಲೆಕಾಯಿ ಹಿಂಡಿಯನ್ನು ನಾವೂ ಕೋಳಿಗೆ ಬೆರೆಸಿ ಹಾಕುತ್ತೇವೆ. ಆ ವಿಷ ಬೇಯಿಸಿದರೂ ಹೋಗದು. ಆದ್ದರಿಂದ ಎರಡು ಮೂರು ದಿನದ ಆಹಾರವಷ್ಟೇ ತುಂಬಿ. ವಾರಕ್ಕೊಮ್ಮೆ ತೊಳೆದು ಬಿಸಿಲಿಗಿಡಿ. ಗಂಟು ಕಟ್ಟಿದ, ಮುಗ್ಗಲು ವಾಸನೆಯ ಆಹಾರವನ್ನು ಆಸೆಪಡದೆ ಗುಂಡಿಗೆ ಹಾಕಿ ಮುಚ್ಚಿಬಿಡಿ.

ಹೊಸ ಡಬ್ಬವನ್ನು ರಜೆಯ ದಿನವೇ ಕಟ್ಟಿ, ಆಹಾರ ಇಳಿಯುತ್ತಿದೆಯೇ ಎಂದು ಎದುರು ಕುಳಿತು ನೋಡಿ. ತೂಗಿ ಹಾಕಿ, ಮರುದಿನ ಉಳಿದದ್ದನ್ನು ಮತ್ತೆ ತೂಗಿ. ಮೊಟ್ಟೆಯಿಡುವ ಹೇಂಟೆ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ಹತ್ತಕ್ಕೆ ಒಂದು ಕಿಲೋಗಿಂತ ತುಸು ಹೆಚ್ಚು. ನೆಲಕ್ಕೆ ಚೆಲ್ಲದೆಯೂ ಎರಡು ಕಿಲೋ ಖಾಲಿಯಾಗಿದ್ದರೆ ಇಲಿಯನ್ನು ಅನುಮಾನಿಸಿ. ಕೋಳಿ ಕತ್ತಲಲ್ಲಿ ತಿನ್ನುವುದಿಲ್ಲ; ಸಂಜೆ ಡಬ್ಬವನ್ನು ಬಿಚ್ಚಿ ಒಳಗಿಟ್ಟುಕೊಳ್ಳಿ.